ಕೇಳಿದರೆ ‘ಇಲ್ಲ’ ಅಂತಾರೆ ಎನ್ನುವ ಹೆದರಿಕೆ: ದಾಟಿದವರು ದಯವಿಟ್ಟು ಬರೆಯಿರಿ

ಓದುಗಿ, ಮುಳ್ಳೇರಿಯ

ಎಲ್ಲರಿಗೂ ನಮಸ್ಕಾರ. ಕನ್ನಡ ಎಂ.ಎ. ಆಗಿದೆ, ಕಾಲೇಜು ಅಧ್ಯಾಪಕರಾಗಲು ಬೇಕಾದ ನೆಟ್ ಪರೀಕ್ಷೆ ಕೂಡ ಪಾಸಾಗಿದೆ. ಪಿಎಚ್.ಡಿ. ಮಾಡಬೇಕು ಅಂತ ತುಂಬಾ ಆಸೆ. ವಿಷಯವೂ ಮನಸ್ಸಿನಲ್ಲಿ ಗಟ್ಟಿಯಾಗಿದೆ: ನಮ್ಮ ಕಾಸರಗೋಡಿನ ಕುಂಬಳೆ ಸೀಮೆಯ ತಾಳಮದ್ದಳೆ ಅರ್ಥಗಾರಿಕೆ, ಅಂದರೆ ವೇಷ ಕುಣಿತ ಇಲ್ಲದೆ ಕೂತು ನಡೆಸುವ ಯಕ್ಷಗಾನ ಕೂಟದಲ್ಲಿ ಪಾತ್ರದ ಮಾತನ್ನು ಅಲ್ಲೇ ಕಟ್ಟಿ ಹೇಳುವ ಕಲೆ. ನಮ್ಮ ಅಜ್ಜ ಅರ್ಥ ಹೇಳುತ್ತಿದ್ದರು. ಅವರು ಬರೆದಿಟ್ಟ ನೋಟ್ ಪುಸ್ತಕಗಳು, ಕೂಟಗಳ ಕ್ಯಾಸೆಟ್‌ಗಳು ಅಟ್ಟದಲ್ಲಿವೆ. ಅರ್ಧದಷ್ಟು ಆಗಲೇ ಹಾಳಾಗುತ್ತಾ ಬಂದಿವೆ.

ಮೊದಲು ಮಾಡಬೇಕಾದದ್ದು ಒಂದೇ ಕೆಲಸ. ಮಾರ್ಗದರ್ಶಕರಾಗಬಲ್ಲ ಒಬ್ಬ ಪ್ರಾಧ್ಯಾಪಕರಿಗೆ ಮೇಲ್ ಕಳಿಸುವುದು. ಬರೆದು ಡ್ರಾಫ್ಟ್‌ನಲ್ಲಿ ಇಟ್ಟಿದ್ದೇನೆ. ತೆಗೆಯುತ್ತೇನೆ, ಓದುತ್ತೇನೆ, ಎರಡು ಪದ ಬದಲಿಸುತ್ತೇನೆ, ಮುಚ್ಚುತ್ತೇನೆ. ಕಳಿಸಲು ಮಾತ್ರ ಕೈ ಬರುವುದಿಲ್ಲ.

ಹಿಂದೆ ಒಂದು ಕಡೆ ದಿನಗೂಲಿ ಅಧ್ಯಾಪಿಕೆ ಕೆಲಸದ ಸಂದರ್ಶನಕ್ಕೆ ಹೋಗಿದ್ದೆ. ಆಗಲಿಲ್ಲ. ಅದಕ್ಕಿಂತ ಜಾಸ್ತಿ ನೋವಾದದ್ದು ಆಮೇಲೆ. ಬಸ್ಸಿನಲ್ಲಿ, ದೇವಸ್ಥಾನದಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ, ಎಲ್ಲಿ ಹೋದರೂ ‘ಅದು ಎಂತಾಯ್ತು?’ ಅಂತ ಕೇಳುವವರೇ. ಸಣ್ಣ ಊರು, ಎಲ್ಲರಿಗೂ ಎಲ್ಲ ಗೊತ್ತು. ಈಗ ಯಾರಾದರೂ ‘ಇಲ್ಲ’ ಅಂದರೆ ಅದು ನನ್ನ ವಿಷಯಕ್ಕೆ ಅಂದದ್ದು ಅನ್ನಿಸುವುದಿಲ್ಲ. ನನ್ನನ್ನೇ ಬೇಡ ಅಂದ ಹಾಗೆ ಆಗುತ್ತದೆ.

ಇಲ್ಲಿ ಹೆದರಿಕೆ ದಾಟಿ ಮುಂದೆ ಹೋದವರು ಇದ್ದೀರಿ ಅಂತ ಗೊತ್ತು. ಹೇಗೆ ಅಂತ ಸ್ವಲ್ಪ ಹೇಳುತ್ತೀರಾ?

ಹಪ್ಪಳದಕ್ಕ, ಬದಿಯಡ್ಕ

ತಂಗೀ, ನಾನು ಪಿಎಚ್.ಡಿ. ಗಿಎಚ್.ಡಿ. ಓದಿದವಳಲ್ಲ. ಆದರೆ ‘ಬೇಡ’ ಎನ್ನುವ ಮಾತನ್ನು ಧಾರಾಳ ಕೇಳಿದ್ದೇನೆ.

ನಮ್ಮದು ಕುಟುಂಬಶ್ರೀಯ, ಅಂದರೆ ಕೇರಳ ಸರ್ಕಾರದ ಮಹಿಳಾ ಸ್ವಸಹಾಯ ಯೋಜನೆಯ, ಐದು ಹೆಂಗಸರ ಘಟಕ. ಹಲಸಿನ ಹಪ್ಪಳ, ಸಾಂತಾಣಿ, ಉಪ್ಪಿನಕಾಯಿ ಮಾಡುತ್ತೇವೆ. ಶುರುವಿಗೆ ಅಂಗಡಿಗಳಿಗೆ ಹೋಗಿ ಕೇಳುವ ಕೆಲಸ ನನ್ನ ತಲೆಗೆ ಬಂತು. ಒಳಗೆ ಗಿರಾಕಿ ಇದ್ದರೆ ಹೊರಗೇ ನಿಲ್ಲುತ್ತಿದ್ದೆ. ಅವರ ಎದುರು ‘ಬೇಡ’ ಅಂದರೆ ಎಂತ ಮಾಡುವುದು ಅಂತ.

ಒಬ್ಬರು ಅಂಗಡಿಯವರು ಬೇಡ ಅಂದಾಗ ಧೈರ್ಯ ಮಾಡಿ ‘ಯಾಕೆ ಅಂತ ಹೇಳ್ತೀರಾ?’ ಅಂದೆ. ಅವರು ಪ್ಯಾಕೆಟನ್ನು ಕೈಯಲ್ಲಿ ತಿರುಗಿಸಿ ತೋರಿಸಿದರು. ತಯಾರಿಸಿದ ತಾರೀಕು ಇಲ್ಲ. ತೂಕ ಬರೆದಿಲ್ಲ. ಆಹಾರ ಸುರಕ್ಷತೆಯವರು ಕೊಡುವ ಎಫ್‌ಎಸ್‌ಎಸ್‌ಎಐ ನಂಬರ್ ಇಲ್ಲ. ಮೇಣದಬತ್ತಿಯ ಬೆಂಕಿಯಲ್ಲಿ ಅಂಟಿಸಿದ ಬಾಯಿ ಒಂದು ಕಡೆ ಬಿಟ್ಟುಕೊಂಡಿದೆ. ‘ಅಕ್ಕಾ, ಹಪ್ಪಳ ಒಳ್ಳೆದೇ. ನಾಳೆ ಆಫೀಸಿನವರು ಬಂದರೆ ದಂಡ ಕಟ್ಟುವವ ನಾನು’ ಅಂದರು.

ಅಷ್ಟು ದಿನ ನಮ್ಮ ಹಪ್ಪಳ ಇಷ್ಟವಾಗಲಿಲ್ಲ, ನಮ್ಮಂಥವರನ್ನು ಯಾರು ಕೇಳುತ್ತಾರೆ ಅಂತ ಒಳಗೊಳಗೇ ಬೇಯುತ್ತಿದ್ದೆವು. ಅವರಿಗೆ ಬೇಕಾದದ್ದು ಒಂದು ನಂಬರ್! ಸಣ್ಣ ಘಟಕದ ನೋಂದಣಿಗೆ ವರ್ಷಕ್ಕೆ 100 ರೂಪಾಯಿ. ಸರ್ಕಾರಿ ಅರ್ಜಿಗಳನ್ನು ಆನ್‌ಲೈನಿನಲ್ಲಿ ಹಾಕಿಕೊಡುವ ಅಕ್ಷಯ ಕೇಂದ್ರಕ್ಕೆ ಹೋಗಿ ಅರ್ಜಿ ಹಾಕಿದೆವು. ಸೀಲಿಂಗ್ ಮೆಷಿನ್ ತೆಗೆದುಕೊಂಡೆವು. ಅದೇ ಅಂಗಡಿಯಲ್ಲಿ ಈಗ ನಮ್ಮ ಹಪ್ಪಳ ಎದುರಿಗೇ ಇಡುತ್ತಾರೆ.

ಬಾಯಿದ್ದವರು ಬರಗಾಲದಲ್ಲೂ ಬದುಕಿದರು ಅಂತ ಅಮ್ಮ ಹೇಳುತ್ತಿದ್ದರು. ನೀನು ಕೇಳು ತಂಗಿ. ‘ಇಲ್ಲ’ ಅಂದರೆ ಯಾಕೆ ಅಂತಲೂ ಕೇಳು.

ಸಂಶೋಧಕ, ಪೆರಿಯ

ಓದುಗಿ ಅವರೇ, ನಿಮ್ಮ ವಿಷಯಕ್ಕೆ ನೇರ ಬರುತ್ತೇನೆ. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮದ ಪ್ರಕಾರ ಒಬ್ಬ ಪ್ರೊಫೆಸರ್ ಒಂದು ಸಮಯಕ್ಕೆ 8 ಮಂದಿಗೆ ಮಾತ್ರ ಪಿಎಚ್.ಡಿ. ಮಾರ್ಗದರ್ಶನ ಮಾಡಬಹುದು. ಅಸೋಸಿಯೇಟ್ ಪ್ರೊಫೆಸರ್ ಆದರೆ 6, ಅಸಿಸ್ಟೆಂಟ್ ಪ್ರೊಫೆಸರ್ ಆದರೆ 4. ಅಷ್ಟು ತುಂಬಿದ್ದರೆ ಎಷ್ಟೇ ಒಳ್ಳೆಯ ವಿಷಯ ತಂದರೂ ಅವರಿಗೆ ‘ಇಲ್ಲ’ ಅನ್ನದೆ ಬೇರೆ ದಾರಿಯಿಲ್ಲ. ಅವರಿಗೆ ಇಷ್ಟವಾಗಿದ್ದರೂ ಅಷ್ಟೇ.

ಇದು ಗೊತ್ತಿಲ್ಲದೆ ತುಂಬಾ ಜನ ಒಂದೇ ಉತ್ತರಕ್ಕೆ ಕೈಬಿಡುತ್ತಾರೆ. ನನ್ನ ಜೊತೆ ಓದಿದ ಒಬ್ಬಳು ಹಾಗೆಯೇ ಬಿಟ್ಟಳು. ಅವಳು ಕೇಳಿದ ಮೇಡಂಗೆ ಮುಂದಿನ ವರ್ಷ ಎರಡು ಸೀಟು ಖಾಲಿಯಾಯಿತು. ಅಷ್ಟರಲ್ಲಿ ಇವಳು ಬೇರೆ ಕೆಲಸಕ್ಕೆ ಸೇರಿಯಾಗಿತ್ತು. ನೆನೆಸಿಕೊಂಡರೆ ಈಗಲೂ ಬೇಜಾರಾಗುತ್ತದೆ.

ಹಾಗಾಗಿ ಮೇಲ್‌ನಲ್ಲಿ ‘ನನಗೆ ಮಾರ್ಗದರ್ಶನ ಮಾಡುವಿರಾ’ ಅಂತ ಮಾತ್ರ ಕೇಳಬೇಡಿ. ‘ಈ ವರ್ಷ ನಿಮ್ಮಲ್ಲಿ ಸ್ಥಾನ ಇದೆಯೇ’ ಅಂತಲೂ ಕೇಳಿ. ಮತ್ತೊಂದು ಮಾತು. 2024ರಿಂದ ನೆಟ್ ಅಂಕವನ್ನು ಪಿಎಚ್.ಡಿ. ಪ್ರವೇಶಕ್ಕೂ ಬಳಸಲು ಯುಜಿಸಿ ಹೇಳಿದೆ. ನಿಮ್ಮದು ಪಾಸಾಗಿದೆ ಅಂದರೆ ದೊಡ್ಡ ಬಾಗಿಲು ದಾಟಿಯಾಗಿದೆ. ಅದನ್ನು ಮೇಲ್‌ನ ಮೊದಲ ಸಾಲುಗಳಲ್ಲೇ ಬರೆಯಿರಿ.

ಪಿಎಸ್‌ಸಿ ಓದುವವ, ಉಪ್ಪಳ

ನಾವು ಪಿಎಸ್‌ಸಿಗೆ, ಅಂದರೆ ಕೇರಳ ಲೋಕಸೇವಾ ಆಯೋಗದ ಪರೀಕ್ಷೆಗಳಿಗೆ, ಓದುವವರು ಇದನ್ನು ಪ್ರತಿ ವರ್ಷ ಅನುಭವಿಸುತ್ತೇವೆ. ಕನ್ನಡ, ಮಲಯಾಳ ಎರಡೂ ಬಲ್ಲವರಿಗೆ ಅಂತ ಕ್ಲರ್ಕ್ ಹುದ್ದೆ ಕರೆಯುತ್ತಾರೆ. ರ‍್ಯಾಂಕ್ ಲಿಸ್ಟಿನಲ್ಲಿ ಹೆಸರು ಬಂದರೆ ಊರಿಡೀ ಸಂತೋಷ. ಲಿಸ್ಟಿನ ಅವಧಿ ಮುಗಿಯುವುದರೊಳಗೆ ಖಾಲಿ ಹುದ್ದೆ ವರದಿಯಾಗದಿದ್ದರೆ ಅಲ್ಲಿಗೇ ಮುಗಿಯಿತು. ಲಿಸ್ಟಿನಲ್ಲಿದ್ದವನ ಓದಿಗೂ ಆ ‘ಇಲ್ಲ’ಕ್ಕೂ ಏನೂ ಸಂಬಂಧ ಇಲ್ಲ. ಆದರೆ ಮನೆಯವರಿಗೆ, ನೆಂಟರಿಗೆ ಇದನ್ನು ಅರ್ಥ ಮಾಡಿಸುವುದೇ ಕಷ್ಟ.

ನಾನು ಈಗ ಮಾಡುವುದು ಇಷ್ಟು. ಯಾವ ಪರೀಕ್ಷೆಗೆ ಅರ್ಜಿ ಹಾಕಿದ್ದೇನೆ ಅಂತ ಅಮ್ಮನಿಗೆ ಮತ್ತು ಒಬ್ಬ ಗೆಳೆಯನಿಗೆ ಬಿಟ್ಟರೆ ಯಾರಿಗೂ ಹೇಳುವುದಿಲ್ಲ. ಫಲಿತಾಂಶದ ದಿನ ಬಸ್ ಸ್ಟ್ಯಾಂಡಿನಲ್ಲಿ ಯಾರಿಗೂ ಉತ್ತರ ಕೊಡಬೇಕಾಗಿಲ್ಲ. ಅರ್ಧ ಹೆದರಿಕೆ ಅಲ್ಲೇ ಇಳಿಯುತ್ತದೆ.

ಸಮಾಲೋಚಕಿ, ಕಾಸರಗೋಡು

ಮಂಗಳೂರಿನಲ್ಲಿ ಕೆಲಸ ಮಾಡುತ್ತೇನೆ, ಮನೆ ಇಲ್ಲೇ. ಉಪ್ಪಳದವರು ಹೇಳಿದ್ದು ತುಂಬಾ ಸರಿ. ಹೆದರಿಕೆ ‘ಇಲ್ಲ’ ಎನ್ನುವ ಉತ್ತರದ್ದಷ್ಟೇ ಅಲ್ಲ, ಅದನ್ನು ಯಾರು ಯಾರು ನೋಡುತ್ತಾರೆ ಎನ್ನುವುದರದ್ದೂ ಹೌದು.

ಓದುಗಿ, ನಿಮಗೆ ಆಗುವ ನೋವು ಸುಮ್ನೆ ಕಲ್ಪನೆ ಅಲ್ಲ. 2003ರಲ್ಲಿ ಅಮೆರಿಕದ ನವೋಮಿ ಐಸೆನ್‌ಬರ್ಗರ್ ಮತ್ತು ಸಂಗಡಿಗರು ಒಂದು ಪ್ರಯೋಗ ಮಾಡಿದರು. ಕಂಪ್ಯೂಟರಿನಲ್ಲಿ ಮೂವರು ಚೆಂಡು ಎಸೆದು ಆಡುವ ಆಟ. ಸ್ವಲ್ಪ ಹೊತ್ತಿನ ಮೇಲೆ ಒಬ್ಬರಿಗೆ ಮಾತ್ರ ಚೆಂಡು ಕೊಡುವುದನ್ನೇ ನಿಲ್ಲಿಸುತ್ತಾರೆ. ಆ ಹೊತ್ತಿನಲ್ಲಿ ಅವರ ಮಿದುಳನ್ನು ಸ್ಕ್ಯಾನ್ ಮಾಡಿ ನೋಡಿದಾಗ, ಮೈಗೆ ನೋವಾದಾಗ ಚುರುಕಾಗುವ ಒಂದು ಭಾಗವೇ ಇಲ್ಲೂ ಚುರುಕಾಗಿತ್ತು. ಗುರುತು ಪರಿಚಯ ಇಲ್ಲದವರು, ಆಟದ ಚೆಂಡು. ಅಷ್ಟಕ್ಕೇ ಹಾಗೆ. ಮತ್ತೆ ಪರಿಚಿತರ ನಡುವೆ ನಡೆದ ಸಂದರ್ಶನಕ್ಕೆ ಮನಸ್ಸು ನೊಂದರೆ ಆಶ್ಚರ್ಯ ಏನಿದೆ?

ಇನ್ನೊಂದು ನನಗೆ ತುಂಬಾ ಇಷ್ಟವಾದ ಅಧ್ಯಯನ. 2008ರಲ್ಲಿ ಫ್ರಾನ್ಸಿಸ್ ಫ್ಲಿನ್, ವನೆಸ್ಸಾ ಲೇಕ್ ಎನ್ನುವ ಇಬ್ಬರು ಪ್ರಕಟಿಸಿದ್ದು. ಅಪರಿಚಿತರ ಹತ್ತಿರ ಹೋಗಿ ಐದು ಜನರಿಂದ ಪ್ರಶ್ನಾವಳಿ ತುಂಬಿಸಿಕೊಂಡು ಬರಬೇಕು. ಎಷ್ಟು ಜನರನ್ನು ಕೇಳಬೇಕಾದೀತು ಅಂತ ಮೊದಲೇ ಊಹೆ ಕೇಳಿದರು. ಸುಮಾರು 20 ಅಂದರು. ನಿಜಕ್ಕೂ ಕೇಳಬೇಕಾದದ್ದು ಸುಮಾರು 10. ಕೇಳುವವರಿಗೆ ತನ್ನ ಸಂಕೋಚ ಮಾತ್ರ ಕಾಣುತ್ತದೆ. ಎದುರಿನವರಿಗೆ ‘ಇಲ್ಲ’ ಅನ್ನಲು ಇರುವ ಸಂಕೋಚ ಕಾಣುವುದಿಲ್ಲ.

ಹೆದರಿಕೆಯನ್ನು ಮೆಟ್ಟಿಲು ಮಾಡಿಕೊಂಡು ಹತ್ತುವ ಕ್ರಮ ಹಳೆಯದು. ದಕ್ಷಿಣ ಆಫ್ರಿಕಾದ ವೈದ್ಯ ಜೋಸೆಫ್ ವೋಲ್ಪೆ 1950ರ ದಶಕದಲ್ಲಿ ಅದನ್ನು ಚಿಕಿತ್ಸೆಯಾಗಿ ಬೆಳೆಸಿದರು. ಕಡಿಮೆ ಹೆದರಿಕೆಯದ್ದರಿಂದ ಶುರು ಮಾಡಿ, ಅದು ಅಭ್ಯಾಸವಾದ ಮೇಲೆ ಮೇಲಿನದಕ್ಕೆ ಹೋಗುವುದು. ನಿಮ್ಮ ಮಟ್ಟಿಗೆ ಹೇಳುವುದಾದರೆ, ಮೊದಲು ಗ್ರಂಥಾಲಯದಲ್ಲಿ ಕಪಾಟಿನಲ್ಲಿ ಇಲ್ಲದ ಒಂದು ಪುಸ್ತಕ ತರಿಸಿಕೊಡಿ ಅಂತ ಕೇಳಿ. ಆಮೇಲೆ ಊರಿನ ಹಿರಿಯ ಅರ್ಥಧಾರಿಯೊಬ್ಬರಿಗೆ ಫೋನ್ ಮಾಡಿ ಒಂದು ಗಂಟೆ ಮಾತಾಡಲು ಬರಬಹುದಾ ಅಂತ ಕೇಳಿ. ಆಮೇಲೆ ಮೇಲ್. ಮೂರೂ ನಿಮ್ಮ ಸಂಶೋಧನೆಗೆ ಬೇಕಾದ ಕೆಲಸಗಳೇ.

ಹೆದರಿಕೆ ಇದಕ್ಕಿಂತ ಜಾಸ್ತಿ ಇದ್ದರೆ, ನಿದ್ದೆ ಬರದೆ, ಜನರ ಎದುರು ಬರಲೇ ಆಗದೆ ಇದ್ದರೆ, ಅದಕ್ಕೆ ಬೇರೆ ಸಹಾಯ ಬೇಕು. 14416ಕ್ಕೆ ಕರೆ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಿಗುತ್ತದೆ, ದುಡ್ಡು ಇಲ್ಲ.

ಕುಂಜತ್ತೂರಿನವ

ಎಲ್ಲ ಓದಿದೆ. ಒಳ್ಳೆಯ ಮಾತುಗಳೇ. ಆದರೆ ಎಲ್ಲ ‘ಇಲ್ಲ’ವನ್ನೂ ಮನಸ್ಸಿನ ಹೆದರಿಕೆಯ ಲೆಕ್ಕಕ್ಕೆ ಹಾಕಬೇಡಿ. ಗಡಿಯವರಿಗೆ ಸಿಗುವ ಕೆಲವು ‘ಇಲ್ಲ’ ನಿಜಕ್ಕೂ ಅನ್ಯಾಯ.

ಬೆಂಗಳೂರಿನಲ್ಲಿ ಒಂದು ಸಂದರ್ಶನದಲ್ಲಿ ನನ್ನ ವಿಳಾಸ ನೋಡಿ ‘ಕೇರಳದವರಿಗೆ ಕನ್ನಡ ಬರುತ್ತಾ?’ ಅಂತ ಕೇಳಿದರು. ನಾನು ಹುಟ್ಟಿದಾಗಿನಿಂದ ಮಾತಾಡುವುದು ತುಳು, ಕನ್ನಡ. ತಿರುವನಂತಪುರದಲ್ಲಿ ಇನ್ನೊಂದು ಕಡೆ ನನ್ನ ಮಲಯಾಳ ಕೇಳಿ ಮುಖ ಮುಖ ನೋಡಿಕೊಂಡರು. ಅತ್ತ ದರಿ ಇತ್ತ ಪುಲಿ. 1956ರ ನವೆಂಬರ್ 1ರಂದು ಕಾಸರಗೋಡನ್ನು ಕೇರಳಕ್ಕೆ ಸೇರಿಸುವಾಗ ನಮ್ಮ ಅಜ್ಜ ಅಜ್ಜಿಯರನ್ನು ಯಾರೂ ಕೇಳಲಿಲ್ಲ. ಗಡಿ ವಿವಾದಕ್ಕೆಂದು ನೇಮಿಸಿದ ಮಹಾಜನ್ ಆಯೋಗ 1967ರಲ್ಲಿ ಚಂದ್ರಗಿರಿ ಹೊಳೆಯ ಉತ್ತರಕ್ಕಿರುವ ಭಾಗ ಮೈಸೂರು ರಾಜ್ಯಕ್ಕೆ (ಈಗಿನ ಕರ್ನಾಟಕಕ್ಕೆ) ಸೇರಲಿ ಅಂತ ಬರೆದದ್ದು ಕಾಗದದಲ್ಲೇ ಉಳಿಯಿತು. ಇಂಥ ಊರಿನ ಮಕ್ಕಳಿಗೆ ‘ಧೈರ್ಯ ಮಾಡಿ ಕೇಳಿ’ ಅಂತ ಮಾತ್ರ ಹೇಳಿದರೆ ಸಾಲದು.

ಅನ್ಯಾಯದ ‘ಇಲ್ಲ’ಕ್ಕೆ ಬೇರೆ ಮದ್ದು ಇದೆ, ಅದನ್ನೂ ತಿಳಿದುಕೊಳ್ಳಿ. ಸಂವಿಧಾನದ 350ನೇ ವಿಧಿ ಪ್ರಕಾರ ನಮ್ಮ ಕುಂದುಕೊರತೆಯ ಮನವಿಯನ್ನು ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕೊಡಬಹುದು. ಅಂದರೆ ಕನ್ನಡದಲ್ಲೇ ಕೊಡಬಹುದು. ಸರ್ಕಾರಿ ಆಯ್ಕೆಯಲ್ಲಿ ನಿಮ್ಮನ್ನು ಯಾಕೆ ಬಿಟ್ಟರು, ಎಷ್ಟು ಅಂಕ ಹಾಕಿದರು ಅಂತ ಮಾಹಿತಿ ಹಕ್ಕಿನಲ್ಲಿ ಕೇಳಬಹುದು. ಕೇಂದ್ರದ ಕಚೇರಿಗಳಿಗೆ ಶುಲ್ಕ 10 ರೂಪಾಯಿ, ಉತ್ತರ ಕೊಡಲು 30 ದಿನ. ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ಮಾಧ್ಯಮದ ತರಗತಿಗೆ ಹಾಕಿದಾಗ ಇಲ್ಲಿನ ಮಕ್ಕಳು ಮತ್ತು ಹೆತ್ತವರು ಬಾಯಿ ಮುಚ್ಚಿ ಕೂರಲಿಲ್ಲ. ಅದೂ ‘ಇಲ್ಲ’ಕ್ಕೆ ಕೊಟ್ಟ ಉತ್ತರವೇ.

ಸಮಾಲೋಚಕಿ, ಕಾಸರಗೋಡು

ಒಪ್ಪುತ್ತೇನೆ ಕುಂಜತ್ತೂರಿನ ಅಣ್ಣಾ. ನಾನು ಹೇಳಿದ್ದಕ್ಕೆ ಇದು ಸೇರಲೇಬೇಕು. ಅನ್ಯಾಯವಾದವರಿಗೆ ‘ನಿಮ್ಮ ಮನಸ್ಸು ಗಟ್ಟಿ ಮಾಡಿಕೊಳ್ಳಿ’ ಅಂತ ಹೇಳುವುದು ಇನ್ನೊಂದು ಅನ್ಯಾಯ.

ಇಬ್ಬರು ಮಕ್ಕಳ ಅಮ್ಮ, ಕುಂಬಳೆ

ಮಕ್ಕಳ ವಿಷಯ ಒಂದು ಸೇರಿಸಲಾ? ಮಗಳು ಶಾಲಾ ಕಲೋತ್ಸವದಲ್ಲಿ ಯಕ್ಷಗಾನ ತಂಡದಲ್ಲಿದ್ದಳು. ಉಪಜಿಲ್ಲೆಯಲ್ಲೇ ಹಿಂದೆ ಬಿದ್ದರು. ಮೇಲ್ಮನವಿಗೆ ಅವಕಾಶ ಇದೆ, ದುಡ್ಡು ಕಟ್ಟಿ ಹೋಗಬಹುದು. ಕೆಲವು ಹೆತ್ತವರು ಹೋಗೋಣ ಅಂದರು. ಭಾಗವತಿಕೆ ಕಲಿಸಿದ ಗುರುಗಳು ಮೊದಲು ವಿಡಿಯೋ ಹಾಕಿ ಮಕ್ಕಳ ಜೊತೆ ಕೂತು ನೋಡಿದರು. ಎಲ್ಲಿ ತಾಳ ತಪ್ಪಿತು, ಎಲ್ಲಿ ಪ್ರವೇಶ ತಡವಾಯಿತು ಅಂತ ಮಕ್ಕಳೇ ಹೇಳಿದರು. ಮೇಲ್ಮನವಿ ಬೇಡ ಅಂತ ಮಕ್ಕಳೇ ತೀರ್ಮಾನ ಮಾಡಿದರು. ಅತ್ತದ್ದು ಆ ಒಂದು ಸಂಜೆ ಮಾತ್ರ. ದೊಡ್ಡವರಾದ ನಮಗೇ ಜಾಸ್ತಿ ದಿನ ಬೇಕಾಯಿತು.

ನಿವೃತ್ತ ಮಾಸ್ಟ್ರು, ನೀರ್ಚಾಲು

ಮಗಳೇ, ನಿನ್ನ ವಿಷಯ ಓದಿ ತುಂಬಾ ಸಂತೋಷ ಆಯಿತು. ಅರ್ಥಗಾರಿಕೆಯ ಬಗ್ಗೆ ನಮ್ಮ ಸೀಮೆಯ ಮಕ್ಕಳೇ ಕೆಲಸ ಮಾಡಬೇಕು.

ಮೊದಲು ಒಂದು ಮಾತು. ತಾಳಮದ್ದಳೆಯಲ್ಲಿ ಎದುರಿನ ಅರ್ಥಧಾರಿ ನಿಮ್ಮ ಅಜ್ಜನ ಮಾತನ್ನು ಖಂಡಿಸಿದಾಗ ಅಜ್ಜ ಎದ್ದು ಮನೆಗೆ ಹೋಗುತ್ತಿದ್ದರಾ? ಖಂಡನೆ ಇಲ್ಲದಿದ್ದರೆ ಕೂಟವೇ ಸಪ್ಪೆ. ವಾಲಿಗೆ ರಾಮ ಉತ್ತರ ಹೇಳಬೇಕು, ರಾಮನಿಗೆ ವಾಲಿ ಹೇಳಬೇಕು. ಬಂದ ಆಕ್ಷೇಪದಲ್ಲೇ ಮುಂದಿನ ಮಾತಿನ ಎಳೆ ಸಿಗುತ್ತದೆ. ಪ್ರಾಧ್ಯಾಪಕರು ‘ವಿಷಯ ತುಂಬಾ ದೊಡ್ಡದಾಯಿತು’ ಅಂದರೆ ಅದನ್ನೂ ಹಾಗೆಯೇ ತೆಗೆದುಕೋ.

ಇನ್ನೊಂದು, ನಮ್ಮ ಮಂಜೇಶ್ವರದ ಕವಿ ಗೋವಿಂದ ಪೈಗಳು. 1911ರಲ್ಲಿ ಅವರು ದ್ವಿತೀಯಾಕ್ಷರ ಪ್ರಾಸ, ಅಂದರೆ ಪ್ರತಿ ಸಾಲಿನ ಎರಡನೇ ಅಕ್ಷರ ಒಂದೇ ಇರಬೇಕೆನ್ನುವ ಕಟ್ಟು, ಬಿಟ್ಟು ಪದ್ಯ ಬರೆದರು. ಪ್ರಾಸ ಇಲ್ಲದ್ದು ಪದ್ಯವೇ ಅಲ್ಲ ಎನ್ನುವ ಕಾಲ ಅದು. ಪಂಡಿತರ ಆಕ್ಷೇಪ ಬಂತು. ಅವರು ಹಿಂದೆ ಸರಿಯಲಿಲ್ಲ. ಬಿ.ಎ. ಪೂರ್ತಿ ಮಾಡಲು ಅವರಿಗೆ ಆಗಿರಲಿಲ್ಲ ಎನ್ನುವುದನ್ನೂ ನೆನಪಿಡು. ಮಂಜೇಶ್ವರದಲ್ಲೇ ಕೂತು ಓದಿದರು, ಬರೆದರು. 1949ರಲ್ಲಿ ಮದ್ರಾಸ್ ಸರ್ಕಾರ ಅವರನ್ನು ರಾಷ್ಟ್ರಕವಿ ಅಂತ ಗೌರವಿಸಿತು. ನಡುವೆ 38 ವರ್ಷ.

ನಾನೂ ಕಾಲೇಜು ದಿನಗಳಿಂದ ಪತ್ರಿಕೆಗಳಿಗೆ ಕಥೆ ಕಳಿಸುತ್ತಿದ್ದವ. ಆಗ ಸ್ವವಿಳಾಸ ಬರೆದು ಸ್ಟ್ಯಾಂಪ್ ಹಚ್ಚಿದ ಕವರ್ ಜೊತೆಗೇ ಇಡಬೇಕಿತ್ತು. ವಿಷಾದ ಪತ್ರದೊಂದಿಗೆ ಕಥೆ ವಾಪಸ್ ಬರುತ್ತಿತ್ತು. ಪೋಸ್ಟ್‌ಮ್ಯಾನ್ ದೂರದಿಂದಲೇ ಕವರಿನ ದಪ್ಪ ನೋಡಿ ‘ಮಾಸ್ಟ್ರೇ, ಬಂತು’ ಅನ್ನುತ್ತಿದ್ದ. ಒಬ್ಬ ಸಂಪಾದಕರು ಮಾತ್ರ ಅಂಚಿನಲ್ಲಿ ಪೆನ್ಸಿಲಿನಲ್ಲಿ ‘ಎರಡನೇ ಪುಟದಿಂದ ಶುರುವಾಗಲಿ’ ಅಂತ ಬರೆದಿದ್ದರು. ಮೊದಲ ಪುಟ ತೆಗೆದೆ. ಕಥೆ ನಿಜವಾಗಿ ಅಲ್ಲಿಂದಲೇ ಶುರುವಾಗುತ್ತಿತ್ತು. ಅದನ್ನೇ ಇನ್ನೊಂದು ಪತ್ರಿಕೆ ಹಾಕಿತು.

ನಿನ್ನ ಡ್ರಾಫ್ಟನ್ನು ಇಲ್ಲಿ ಹಾಕು. ಎಲ್ಲರೂ ಸೇರಿ ನೋಡುವ.

ಓದುಗಿ, ಮುಳ್ಳೇರಿಯ

ಇಷ್ಟು ಜನ ಇಷ್ಟು ಬರೆಯುತ್ತೀರಿ ಅಂತ ಅಂದುಕೊಂಡಿರಲಿಲ್ಲ. ಕಣ್ಣು ತುಂಬಿತು. ಗ್ರಂಥಾಲಯದಲ್ಲಿ ಪುಸ್ತಕ ಕೇಳಿದೆ, ತರಿಸುತ್ತೇವೆ ಅಂದರು. ಡ್ರಾಫ್ಟ್ ಇದು:

‘ಮಾನ್ಯರೇ, ತಮ್ಮ ಅಮೂಲ್ಯ ಸಮಯ ತೆಗೆದುಕೊಳ್ಳುತ್ತಿರುವುದಕ್ಕೆ ಕ್ಷಮೆ ಇರಲಿ. ನಾನು ಕಾಸರಗೋಡಿನ ಒಬ್ಬ ಸಾಮಾನ್ಯ ವಿದ್ಯಾರ್ಥಿನಿ. ತಾಳಮದ್ದಳೆಯ ಬಗ್ಗೆ ಏನಾದರೂ ಮಾಡಬೇಕೆಂಬ ಆಸೆ ಇದೆ. ನನಗೆ ಹೆಚ್ಚು ತಿಳಿದಿಲ್ಲ. ತಮ್ಮಿಂದ ಸಾಧ್ಯವಾಗದಿದ್ದರೆ ಖಂಡಿತ ಪರವಾಗಿಲ್ಲ.’

ಸಂಶೋಧಕ, ಪೆರಿಯ

ಇದರಲ್ಲಿ ನೀವೇ ಅವರ ಪರವಾಗಿ ‘ಇಲ್ಲ’ ಅಂದುಬಿಟ್ಟಿದ್ದೀರಿ! ನೆಟ್ ಎಲ್ಲಿ? ಅಜ್ಜನ ನೋಟ್ ಪುಸ್ತಕ ಎಲ್ಲಿ? ಕ್ಯಾಸೆಟ್ ಎಲ್ಲಿ? ಅಂಥ ಮೂಲ ಸಾಮಗ್ರಿ ಕೈಯಲ್ಲಿರುವ ವಿದ್ಯಾರ್ಥಿ ಸಿಗಬೇಕಾದರೆ ಮಾರ್ಗದರ್ಶಕರು ಪುಣ್ಯ ಮಾಡಿರಬೇಕು.

ನಿವೃತ್ತ ಮಾಸ್ಟ್ರು, ನೀರ್ಚಾಲು

ಕ್ಷಮೆಯ ಸಾಲು ತೆಗೆ. ‘ಸಾಮಾನ್ಯ’ ತೆಗೆ. ‘ಹೆಚ್ಚು ತಿಳಿದಿಲ್ಲ’ ತೆಗೆ. ಕೊನೆಯ ಸಾಲು ಪೂರ್ತಿ ತೆಗೆ. ವಿನಯ ನಿನ್ನ ಭಾಷೆಯಲ್ಲೇ ಇದೆ, ಬೇರೆ ಬೇಡ. ಹೀಗೆ ಬರೆದು ನೋಡು:

‘ಮಾನ್ಯರೇ, ನಾನು ಕನ್ನಡ ಎಂ.ಎ. ಮುಗಿಸಿ ನೆಟ್ ಉತ್ತೀರ್ಣಳಾಗಿದ್ದೇನೆ. ಕುಂಬಳೆ ಸೀಮೆಯ ತಾಳಮದ್ದಳೆ ಅರ್ಥಗಾರಿಕೆಯ ಬಗ್ಗೆ ಪಿಎಚ್.ಡಿ. ಮಾಡಲು ಬಯಸುತ್ತೇನೆ. ಅರ್ಥಧಾರಿಯಾಗಿದ್ದ ನನ್ನ ಅಜ್ಜನ ಕೈಬರಹದ ಟಿಪ್ಪಣಿಗಳು, ಕೂಟಗಳ ಧ್ವನಿಮುದ್ರಣಗಳು ನನ್ನಲ್ಲಿವೆ. ಯಕ್ಷಗಾನದ ಕುರಿತ ತಮ್ಮ ಲೇಖನಗಳನ್ನು ಓದಿದ್ದೇನೆ. ಈ ವರ್ಷ ತಮ್ಮಲ್ಲಿ ಸ್ಥಾನ ಇದೆಯೇ? ಇಲ್ಲದಿದ್ದರೆ ಈ ವಿಷಯಕ್ಕೆ ಬೇರೆ ಯಾರನ್ನು ಕೇಳಬಹುದು ಎಂದು ತಿಳಿಸಿದರೆ ಉಪಕಾರ. ಎರಡು ಪುಟದ ಪ್ರಸ್ತಾವ ಲಗತ್ತಿಸಿದ್ದೇನೆ.’

ಲೇಖನಗಳ ಸಾಲಿನಲ್ಲಿ ನೀನು ನಿಜವಾಗಿ ಓದಿದ ಒಂದರ ಹೆಸರು ಹಾಕು. ಓದದ್ದನ್ನು ಬರೆಯಬೇಡ.

ಕುಂಜತ್ತೂರಿನವ

ಒಬ್ಬರಿಗೆ ಕಳಿಸಿ ಕಾಯುತ್ತಾ ಕೂರಬೇಡಿ. ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯ, ಹಂಪಿಯ ಕನ್ನಡ ವಿಶ್ವವಿದ್ಯಾಲಯ, ಕಣ್ಣೂರು ವಿಶ್ವವಿದ್ಯಾಲಯ, ಎಲ್ಲ ಕಡೆ ನೋಡಿ. ಒಂದೇ ಕಡೆ ಜೀವ ಇಟ್ಟರೆ ಆ ಒಂದು ‘ಇಲ್ಲ’ ತುಂಬಾ ಭಾರ ಆಗುತ್ತದೆ.

ಓದುಗಿ, ಮುಳ್ಳೇರಿಯ

ಕಳಿಸಿದೆ. ಮೂವರಿಗೆ, ಬೇರೆ ಬೇರೆಯಾಗಿ ಬರೆದು. ಹಿರಿಯ ಅರ್ಥಧಾರಿಯೊಬ್ಬರಿಗೂ ಫೋನ್ ಮಾಡಿದೆ. ‘ನಿನ್ನ ಅಜ್ಜನ ಎದುರು ನಾನು ಕೂತಿದ್ದೇನೆ, ಬಾ’ ಅಂದರು.

ಒಬ್ಬರು ಪ್ರಾಧ್ಯಾಪಕರಿಂದ ಉತ್ತರ ಬಂತು. ಸ್ಥಾನ ಇಲ್ಲ ಅಂತ. ಓದುವಾಗ ಹೊಟ್ಟೆಯಲ್ಲಿ ಅದೇ ಸಂಕಟ, ಸುಳ್ಳು ಹೇಳುವುದಿಲ್ಲ. ಆದರೆ ಕೊನೆಯಲ್ಲಿ ಇನ್ನೊಬ್ಬರ ಹೆಸರು ಕೊಟ್ಟಿದ್ದಾರೆ. ಕ್ಯಾಸೆಟ್‌ಗಳನ್ನು ಆದಷ್ಟು ಬೇಗ ಡಿಜಿಟಲ್ ಮಾಡಿಸು ಅಂತಲೂ ಬರೆದಿದ್ದಾರೆ. ಉಳಿದ ಇಬ್ಬರಿಂದ ಏನೂ ಇಲ್ಲ. ಮತ್ತೆ ಬರೆದರೆ ಕಿರಿಕಿರಿ ಆಗುತ್ತದಾ?

ಸಂಶೋಧಕ, ಪೆರಿಯ

ಆಗುವುದಿಲ್ಲ. ಈಗ ಮೌಲ್ಯಮಾಪನದ ಸಮಯ, ಮೇಲ್ ಅಡಿಗೆ ಹೋಗಿರುತ್ತದೆ. ಎರಡು ವಾರ ಬಿಟ್ಟು ಅದೇ ಮೇಲ್‌ಗೆ ಎರಡು ಸಾಲಿನ ನೆನಪೋಲೆ ಹಾಕಿ. ಹೆಸರು ಕೊಟ್ಟವರಿಗೆ ಇವತ್ತೇ ಧನ್ಯವಾದ ಬರೆಯಿರಿ. ಹೊಸಬರಿಗೆ ಬರೆಯುವಾಗ ಇವರು ಸೂಚಿಸಿದರು ಅಂತ ಮೊದಲ ಸಾಲಿನಲ್ಲೇ ಹೇಳಿ.

ಹಪ್ಪಳದಕ್ಕ, ಬದಿಯಡ್ಕ

ಊರವರು ‘ಎಂತಾಯ್ತು’ ಅಂತ ಕೇಳಿದರೆ ‘ಕೇಳಿದ್ದೇನೆ, ನೋಡುವ’ ಅಂತ ಹೇಳು ತಂಗಿ. ಅಷ್ಟು ಸಾಕು ಅವರಿಗೆ.

ನಿವೃತ್ತ ಮಾಸ್ಟ್ರು, ನೀರ್ಚಾಲು

ಕ್ಯಾಸೆಟ್ ವಿಷಯ ತಡ ಮಾಡಬೇಡ. ನನ್ನಲ್ಲಿ ಸುಸ್ಥಿತಿಯ ಟೇಪ್ ರೆಕಾರ್ಡರ್ ಇದೆ, ಕಂಪ್ಯೂಟರಿಗೆ ಹಾಕುವ ವಯರನ್ನು ಮಗ ತಂದುಕೊಟ್ಟಿದ್ದಾನೆ. ಫಂಗಸ್ ಹಿಡಿದದ್ದನ್ನು ಬೇರೆ ಕವರಿನಲ್ಲಿ ತಾ, ಒಳ್ಳೆಯದರ ಜೊತೆ ಸೇರಿಸಬೇಡ. ಭಾನುವಾರ ಬಿಟ್ಟು ಯಾವ ದಿನ ಬಂದರೂ ಮನೆಯಲ್ಲೇ ಇರುತ್ತೇನೆ.